ಫಾರಂ ಆಮೇಲೆ ತುಂಬೋಣ, ಮೊದಲು ಬಾಗಿಲು ತಟ್ಟೋಣ

ಪತ್ರ: ಸಂಪಾದಕರೆ, ಬಡ ಕುಟುಂಬಗಳಿಗೂ ಹೊಸದಾಗಿ ವಲಸೆ ಬಂದವರಿಗೂ ಆರೋಗ್ಯ ನೆರವು, ಅನುದಾನ ಕೊಡಬೇಕು ಎಂಬ ನಿಮ್ಮ ಕಳೆದ ಸಂಚಿಕೆಯ ಲೇಖನ ಓದಿದೆ. ನಾನು ನಿವೃತ್ತ ಲೆಕ್ಕಪರಿಶೋಧಕ. ತೆರಿಗೆ ಹಣ ಹಂಚುವ ಮೊದಲು ಕಟ್ಟುನಿಟ್ಟಾದ ತಪಾಸಣೆ ಬೇಡವೆ? ನಿಜವಾಗಿ ಬೇಕಾದವರು ಕಚೇರಿಗೆ ಬಂದು, ದಾಖಲೆ ತೋರಿಸಿ ಪಡೆಯಲಿ. ನಿನ್ನೆ ಮೊನ್ನೆ ಬಂದವರು ಸ್ವಲ್ಪ ಕಾಯಲಿ. ಕೈಗೆ ದುಡ್ಡು ಕೊಟ್ಟರೆ ಅದು ಕುಡಿತಕ್ಕೆ ಹೋಗುತ್ತದೆ, ಅಷ್ಟೆ.
– ಒಬ್ಬ ಹಳೆಯ ಚಂದಾದಾರ

ಉತ್ತರ:

ಮಾನ್ಯರೆ,

ಅಂಚು ಬಿಟ್ಟು, ಎಲ್ಲೂ ಕಾಟು ಹೊಡೆಯದೆ ಬರೆದ ಪತ್ರ ನಮಗೆ ಬರುವುದೇ ಕಡಿಮೆ. ಓದಿ ಖುಷಿಯಾಯಿತು, ಸಿಟ್ಟೂ ಬಂತು. ಲೆಕ್ಕ ಕೇಳುವುದು ತಪ್ಪಲ್ಲ. ಸುಳ್ಳು ಹೆಸರು ಬರೆದು ಹಣ ನುಂಗಿದವರು ಎಲ್ಲ ಕಾಲದಲ್ಲೂ ಇದ್ದಾರೆ, ಮುಂದೆಯೂ ಇರುತ್ತಾರೆ. ಅಷ್ಟು ಒಪ್ಪಿದೆ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆಯನ್ನು ನಿಮ್ಮಂಥ ಅನುಭವಸ್ಥರು ಕೊಡಬಾರದಿತ್ತು.

‘ನಿಜವಾಗಿ ಬೇಕಾದವರು ಕಚೇರಿಗೆ ಬರಲಿ’ ಅಂದಿದ್ದೀರಿ. ಯಾರು ಬರುತ್ತಾರೆ ಹೇಳಿ? ರಜೆ ಸಿಗುವವರು ಬರುತ್ತಾರೆ. ಓದಲು ಬರುವವರು, ಕೌಂಟರಿನ ಆಚೆ ಕೂತವರ ಭಾಷೆ ಗೊತ್ತಿರುವವರು ಬರುತ್ತಾರೆ. ಹೆತ್ತು ಹತ್ತು ದಿನವಾದ ಬಾಣಂತಿ ಬರುವುದಿಲ್ಲ. ಒಂದು ದಿನದ ಕೂಲಿ ತಪ್ಪಿದರೆ ಮನೆಯಲ್ಲಿ ಒಲೆ ಹೊತ್ತದವನು ಬರುವುದಿಲ್ಲ. ಒಂದೇ ಕೋಣೆಯಲ್ಲಿ ಮೂರು ಸಂಸಾರ ಇರುವ ಕಡೆ ಬಾಡಿಗೆ ಕರಾರು ಯಾರ ಹೆಸರಲ್ಲಿರುತ್ತದೆ? ವಿಳಾಸದ ಪುರಾವೆ ತನ್ನಿ ಅಂದರೆ ಉಳಿದವರು ಎಲ್ಲಿಂದ ತರಬೇಕು? ವೇಲ್ಸ್‌ನ ಗಣಿ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಇದನ್ನು 1971ರಲ್ಲೇ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಒಳ್ಳೆಯ ವೈದ್ಯಕೀಯ ಸೇವೆ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಎಂದು. ನಿಮ್ಮ ಅರ್ಜಿ ಫಾರಂ ಆ ಮಾತನ್ನು ಇನ್ನಷ್ಟು ನಿಜ ಮಾಡುತ್ತದೆ, ಅಷ್ಟೆ.

ಜನ ಬರಲೆಂದು ಕಾಯದೆ ನಾವೇ ಹೋಗಿ ಬಾಗಿಲು ತಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಪ್ರೀತಿಯ ಉದಾಹರಣೆ ನ್ಯೂಯಾರ್ಕಿನದು. ವರ್ಷ 1908. ವಲಸೆ ಬಂದ ಬಡವರು ಕಿಕ್ಕಿರಿದ ನಗರದ ಪೂರ್ವ ಭಾಗ. ಬೇಸಿಗೆ ಬಂತೆಂದರೆ ಹಸುಗೂಸುಗಳು ಭೇದಿಯಿಂದ ಸಾಲಾಗಿ ಸಾಯುತ್ತಿದ್ದವು. ಸಾರಾ ಜೋಸೆಫೈನ್ ಬೇಕರ್ ಎಂಬ ವೈದ್ಯೆ ಬೇಸಿಗೆ ರಜೆಯಲ್ಲಿ ಕೆಲಸವಿಲ್ಲದೆ ಇದ್ದ ಶಾಲಾ ನರ್ಸ್‌ಗಳನ್ನು ಕೇಳಿ ಪಡೆದರು. ಮಗು ಹುಟ್ಟಿದ ಸುದ್ದಿ ದಾಖಲಾದ ಕೂಡಲೆ ನರ್ಸ್ ಆ ಮನೆಗೆ ಹೋಗಬೇಕು. ಎದೆಹಾಲು ಕೊಡಿ, ಕಿಟಕಿ ತೆರೆಯಿರಿ, ಸೆಕೆಯಲ್ಲಿ ಮಗುವಿಗೆ ಬಟ್ಟೆ ಹೇರಬೇಡಿ, ಸ್ನಾನ ಮಾಡಿಸಿ. ಹೇಳಿಕೊಟ್ಟದ್ದು ಇಷ್ಟೇ. ಹೊಸ ಔಷಧಿ ಇಲ್ಲ, ಯಂತ್ರ ಇಲ್ಲ. ಆ ಒಂದು ಪ್ರದೇಶದಲ್ಲಿ ಹಿಂದಿನ ಬೇಸಿಗೆಗಿಂತ ಸುಮಾರು 1,200 ಮಕ್ಕಳು ಕಡಿಮೆ ಸತ್ತರು. ಆ ತಾಯಂದಿರನ್ನು ಯಾರೂ ‘ನೀವು ಬಂದು ಎಷ್ಟು ತಿಂಗಳಾಯಿತು’ ಎಂದು ಕೇಳಲಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯ. ಅದೇ ನಗರದ ಬ್ರೂಕ್ಲಿನ್ನಿನ ಕೆಲವು ವೈದ್ಯರು ಮೇಯರ್‌ಗೆ ಮನವಿ ಕೊಟ್ಟರಂತೆ. ಬೇಕರ್ ನಡೆಸುವ ಈ ಶಿಶು ಆರೋಗ್ಯ ವಿಭಾಗ ಮುಚ್ಚಿ, ಮಕ್ಕಳು ಆರೋಗ್ಯವಾಗಿದ್ದು ನಮ್ಮ ವೃತ್ತಿಗೆ ಹೊಡೆತ ಬೀಳುತ್ತಿದೆ ಎಂದು! ಬೇಕರ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಲೆಕ್ಕಪತ್ರದಲ್ಲಿ ಇದನ್ನು ಯಾವ ಬದಿಗೆ ಬರೆಯುತ್ತೀರಿ, ಲಾಭಕ್ಕೋ ನಷ್ಟಕ್ಕೋ?

‘ಹೊಸಬರು ಕಾಯಲಿ’ ಅನ್ನುವ ಮಾತಿಗೆ ಬರುತ್ತೇನೆ. ಬಸಿರು ಕಾಯುವುದಿಲ್ಲ. ಕ್ಷಯ ಕಾಯುವುದಿಲ್ಲ. ಕೆನಡಾ 2012ರಲ್ಲಿ ನಿರಾಶ್ರಿತರ ಆರೋಗ್ಯ ಸೌಲಭ್ಯವನ್ನು ಕತ್ತರಿಸಿತು. ವೈದ್ಯರು ಬಿಳಿ ಕೋಟು ಹಾಕಿಕೊಂಡೇ ಬೀದಿಗಿಳಿದರು. 2014ರಲ್ಲಿ ಅಲ್ಲಿನ ಫೆಡರಲ್ ಕೋರ್ಟು ಇದು ಕ್ರೂರ ನಡವಳಿಕೆ ಎಂದು ತೀರ್ಪು ಕೊಟ್ಟಿತು. 2016ರಲ್ಲಿ ಸೌಲಭ್ಯ ಪೂರ್ತಿ ವಾಪಸ್ ಬಂತು. ಮಧ್ಯದ ನಾಲ್ಕು ವರ್ಷ ಯಾರಿಗೆ ಏನು ಸಿಗುತ್ತದೆ ಅನ್ನುವುದು ಆಸ್ಪತ್ರೆಗಳಿಗೇ ಸರಿಯಾಗಿ ತಿಳಿಯದೆ, ಸಿಗಬೇಕಾದವರನ್ನೂ ವಾಪಸ್ ಕಳಿಸಿದ್ದುಂಟು. ಗೊಂದಲದ ನಿಯಮಕ್ಕೆ ಮೊದಲು ಬಲಿಯಾಗುವವರು ಅರ್ಹರೇ.

ನರ್ಸ್ ಆಗಿರುವ ಗೆಳತಿಯೊಬ್ಬಳು ಹೇಳಿದ ಸಂಗತಿ ಇದು. ಹೊಸದಾಗಿ ಬಂದ ಕುಟುಂಬದ ಹೆಂಗಸು. ತಿಂಗಳುಗಟ್ಟಲೆ ರಕ್ತಸ್ರಾವ. ಭಾಷೆ ಬಾರದು. ವೈದ್ಯರ ಮುಂದೆ ಅವಳ ಮಾತನ್ನು ತಿಳಿಸುತ್ತಿದ್ದವನು ಅವಳ ಸಣ್ಣ ಮಗ. ಮಗನ ಬಾಯಲ್ಲಿ ಅದನ್ನು ಹೇಳಿಸುವುದು ಹೇಗೆ? ತಲೆನೋವು ಅಂದಳು. ತಲೆನೋವಿನ ಮಾತ್ರೆ ತಗೊಂಡು ಮನೆಗೆ ಹೋದಳು. ಆ ಯೋಜನೆಯ ಅನುದಾನದಲ್ಲಿ ದುಭಾಷಿಗೆ ಅಂತ ದುಡ್ಡು ಇಟ್ಟಿರಲಿಲ್ಲ. ಬ್ಯಾನರಿಗೆ ಇಟ್ಟಿದ್ದರು.

ಇನ್ನು ಕುಡಿತ. ಸ್ವಾಮಿ, ಈ ಮಾತು ಎಷ್ಟು ಹಳೆಯದೆಂದರೆ ಅದಕ್ಕೂ ಪಿಂಚಣಿ ಕೊಡಬಹುದು. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ 2014ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಡವರ ಕೈಗೆ ನಗದು ಕೊಟ್ಟಾಗ ಹೆಂಡ, ತಂಬಾಕಿನ ಖರ್ಚು ಏರುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ವಿಶ್ವಬ್ಯಾಂಕು ಅಂದರೆ ದಾನಶೂರ ಸಂಸ್ಥೆಯೇನಲ್ಲ, ಅಲ್ವಾ? ನೀವು ನಂಬಬಹುದು.

ಷರತ್ತು ಹಾಕಿದರೂ ಫಲ ಸಿಕ್ಕಿದ್ದುಂಟು, ಅದನ್ನು ಮುಚ್ಚಿಡುವುದಿಲ್ಲ. ಮೆಕ್ಸಿಕೋ 1997ರಲ್ಲಿ ಮಕ್ಕಳನ್ನು ಶಾಲೆಗೂ ಆರೋಗ್ಯ ತಪಾಸಣೆಗೂ ಕಳಿಸಿದರೆ ತಾಯಂದಿರಿಗೆ ಹಣ ಎಂದಿತು, ಅದು ನಡೆಯಿತು. ಆದರೆ ಫಿನ್ಲೆಂಡ್ ಮಾಡಿದ್ದು ನನಗೆ ಹೆಚ್ಚು ಇಷ್ಟ. 1938ರಲ್ಲಿ ಬಡ ತಾಯಂದಿರಿಗೆ ಮಗುವಿನ ಬಟ್ಟೆಬರೆ ಇರುವ ಪೆಟ್ಟಿಗೆ ಕೊಡಲು ಶುರುಮಾಡಿದರು. 1949ರಲ್ಲಿ ಆದಾಯದ ಪ್ರಶ್ನೆಯನ್ನೇ ಬಿಟ್ಟರು. ಎಲ್ಲ ತಾಯಂದಿರಿಗೂ ಕೊಟ್ಟರು. ಕೇಳಿದ್ದು ಒಂದೇ: ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ವೈದ್ಯರಿಗೋ ಕ್ಲಿನಿಕ್ಕಿಗೋ ಒಮ್ಮೆ ತೋರಿಸಿ. ಬಡವಿ ಎಂದು ಸಾಬೀತು ಮಾಡುವ ಅವಮಾನ ಹೋಯಿತು, ತಪಾಸಣೆಯೂ ಆಯಿತು.

ಅನುದಾನದ ನಿಯಮ ಎಷ್ಟು ಕುರುಡಾಗಬಹುದು ಅನ್ನುವುದಕ್ಕೆ ಅಮೆರಿಕದ ವೈದ್ಯ ಜ್ಯಾಕ್ ಗೀಗರ್ ಕಥೆ ಕೇಳಿ. ಈತ ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಆಫ್ರಿಕಾದ ಫೊಲೇಲಾಕ್ಕೆ ಹೋಗಿದ್ದವರು. ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿ 1940ರಿಂದ ಅಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕೇಂದ್ರ ಕಟ್ಟಿದ್ದರು. ಅದನ್ನು ನೋಡಿ ಬಂದ ಗೀಗರ್ 1960ರ ದಶಕದಲ್ಲಿ ತಮ್ಮ ದೇಶದ ಮಿಸಿಸಿಪಿ ರಾಜ್ಯದ ಮೌಂಡ್ ಬೇಯೂನಲ್ಲಿ ಅಂಥದೇ ಕೇಂದ್ರ ತೆರೆದರು. ಬಂದ ಮಕ್ಕಳಲ್ಲಿ ಕಂಡ ಎಷ್ಟೋ ಕಾಯಿಲೆಗಳಿಗೆ ಬುಡ ಹಸಿವು. ಅಲ್ಲಿನ ವೈದ್ಯರು ಔಷಧಿ ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಎಂದು ಬರೆಯತೊಡಗಿದರು. ಬಿಲ್ಲು ಕೇಂದ್ರದ ಔಷಧಿ ಬಾಬತ್ತಿಗೆ. ಹಣ ಕೊಟ್ಟ ಸರ್ಕಾರದವರು ಓಡಿಬಂದರು. ಇದು ಔಷಧಿಯ ಹಣ, ಆಹಾರಕ್ಕಲ್ಲ ಎಂದರು. ಹಸಿವಿನ ಕಾಯಿಲೆಗೆ ಔಷಧಿ ಆಹಾರವೇ ಎಂದು ನನ್ನ ಪಠ್ಯಪುಸ್ತಕ ಹೇಳುತ್ತದೆ ಅಂದರು ಗೀಗರ್. ಬಂದವರ ಬಾಯಿ ಮುಚ್ಚಿತು. ನೀವು ಆ ತಪಾಸಣೆಗೆ ಹೋಗಿದ್ದರೆ ಏನು ಬರೆಯುತ್ತಿದ್ದಿರಿ ಅನ್ನುವ ಕುತೂಹಲ ನನಗಿದೆ.

ನನ್ನ ನಿಜವಾದ ಜಗಳ ಇರುವುದು ಬೇರೆ ಕಡೆ. ಅನುದಾನ ಕೊಡುವವರಿಗೆ ಒಂದು ವರ್ಷದ ಹುಚ್ಚು ಹಿಡಿದಿದೆ. ಒಂದು ವರ್ಷಕ್ಕೆ ಕಾರ್ಯಕರ್ತೆಯನ್ನು ತೆಗೆದುಕೊಳ್ಳುತ್ತಾರೆ. ಮೊದಲ ಕೆಲವು ತಿಂಗಳು ಜನ ಅವಳನ್ನು ಸಂಶಯದಿಂದ ನೋಡುತ್ತಾರೆ. ಆಮೇಲೆ ಬಾಗಿಲು ತೆರೆಯುತ್ತಾರೆ. ಯಾವ ಮನೆಯಲ್ಲಿ ಗಂಡ ಹೊಡೆಯುತ್ತಾನೆ, ಯಾವ ಅಜ್ಜಿ ಮಾತ್ರೆ ನುಂಗದೆ ಎಸೆಯುತ್ತಾಳೆ, ಎಲ್ಲ ಅವಳಿಗೆ ಗೊತ್ತಾಗುವ ಹೊತ್ತಿಗೆ ಯೋಜನೆ ಮುಗಿಯಿತು ಅನ್ನುತ್ತಾರೆ. ಉಳಿಯುವುದು ದಪ್ಪ ವರದಿ. ಬ್ರೆಜಿಲ್ಲಿನ ಸೆಆರಾ ರಾಜ್ಯದಲ್ಲಿ 1987ರ ಬರಗಾಲದಲ್ಲಿ ಜನರಿಗೆ ಸಂಪಾದನೆಯಾಗಲಿ ಎಂದು ಸ್ಥಳೀಯ ಹೆಂಗಸರನ್ನು ಆರೋಗ್ಯ ಕೆಲಸಕ್ಕೆ ತೆಗೆದುಕೊಂಡರು. ಬರ ಮುಗಿದ ಮೇಲೆ ಅದನ್ನು ಮುಚ್ಚದೆ ಬೆಳೆಸಿದರು. ಇವತ್ತು ಅದೇ ದೇಶದಲ್ಲಿ ಅಂಥ ಲಕ್ಷಾಂತರ ಕಾರ್ಯಕರ್ತರು ತಾವಿರುವ ಪ್ರದೇಶದ ಮನೆಗಳಿಗೆ ತಿಂಗಳು ತಿಂಗಳು ಹೋಗುತ್ತಾರೆ. ಉದ್ಘಾಟನೆಗೆ ದೀಪ ಹಚ್ಚಲು ಎಲ್ಲರೂ ಸಿಗುತ್ತಾರೆ, ಐದನೆಯ ವರ್ಷದ ಸಂಬಳಕ್ಕೆ ಸಹಿ ಹಾಕಲು ಮಾತ್ರ ಯಾರೂ ಸಿಗುವುದಿಲ್ಲ. ಗ್ರಂಥಾಲಯ, ಶಾಲೆ, ನಾಟಕ ತಂಡ ಎಲ್ಲದರದೂ ಇದೇ ಪಾಡಾಗಿದೆ. ಪತ್ರಿಕೆಗಳ ಪಾಡು ಕೇಳಲೇಬೇಡಿ.

ಈಗ ನಿಮಗೊಂದು ಕೆಲಸ ಕೊಡುತ್ತೇನೆ. ನಿಮಗೆ ಸಿಗುವ ಯಾವುದಾದರೂ ನೆರವು ಯೋಜನೆಯ ಲೆಕ್ಕ ತೆಗೆಯಿರಿ. ಕುಟುಂಬಗಳ ಕೈ ಸೇರಿದ್ದು ಎಷ್ಟು, ಅವರು ಅರ್ಹರೇ ಎಂದು ಪರೀಕ್ಷಿಸಲು ಖರ್ಚಾದದ್ದು ಎಷ್ಟು ಎಂದು ಎರಡು ಕಲಂ ಮಾಡಿ. ಬಂದು ಕೂತವರ ಹಾಳಾದ ಕೂಲಿಯನ್ನೂ ಸೇರಿಸಿ, ಅದನ್ನು ಯಾರೂ ಸೇರಿಸುವುದಿಲ್ಲ. ಬರೆದು ಕಳಿಸಿ, ಒಂದು ಸಾಲೂ ಕತ್ತರಿಸದೆ ಹಾಕುತ್ತೇವೆ. ಕುಡಿತಕ್ಕೆ ಬೇರೆ ಕಲಂ ಬೇಕಿದ್ದರೆ ಅದನ್ನೂ ಮಾಡಿ. ದಾಖಲೆ ಮಾತ್ರ ಲಗತ್ತಿಸಬೇಕು.

– ಸಂಪಾದಕ