ತತ್ವಪದಕ್ಕ ಗಿಟಾರ್: ಎರಡು ಬೆರಳು ಎತ್ತಬ್ಯಾಡ

ಪ್ರಶ್ನೆ: ಸರ, ಗಿಟಾರ್ ಕಲಿಲಾಕ ಹತ್ತಿ ಒಂದೂವರಿ ವರ್ಷ ಆತು, ಜಿ, ಸಿ, ಡಿ, ಇ ಮೈನರ್ ಕಾರ್ಡ್ (ಒಮ್ಮೆಲೆ ಬಾರಿಸೋ ಸ್ವರಗಳ ಗುಂಪು) ಎಲ್ಲಾ ಬರ್ತಾವ. ಆದ್ರ ನಮ್ಮ ಕಾಕಾ ಏಕತಾರಿ ಹಿಡ್ಕೊಂಡು ತತ್ವಪದ ಹಾಡುಮುಂದ ನಾ ಬಾರಿಸಿದ್ರ ಹಾಡೊಂದು ಕಡಿ, ಗಿಟಾರೊಂದು ಕಡಿ ಆಗ್ತದ. ಬ್ಯಾರೆ ಕಾರ್ಡ್ ಕಲೀಬೇಕೇನ್ರಿ?
– ಒಬ್ಬ ಓದುಗ, ಸೇಡಂ

ಉತ್ತರ: ಬ್ಯಾಡ ತಮ್ಮಾ, ಇದ್ದ ಕಾರ್ಡೇ ಬ್ಯಾರೆ ಥರಾ ಹಿಡಿ. ಪದ ಎಲ್ಲಿಗೇ ಹೋಗ್ಲಿ ಕಾಕಾನ ಏಕತಾರಿ ಸಾ ಬಿಟ್ಟು ಅಲ್ಲಾಡಂಗಿಲ್ಲ, ನೀ ಮಾತ್ರ ಕಾರ್ಡ್ ಬದಲ್ಸಿದಾಗೊಮ್ಮೆ ಎಲ್ಲಾ ಬೆರಳು ಎತ್ತತಿ, ಅಲ್ಲೇ ಸಾ ಹರೀತದ.

ಜಿ ಅಂದ್ರ ಸಾ ಅನ್ಕೊ. ಉಂಗುರ ಬೆರಳು ಎರಡನೇ ತಂತಿಗಿ, ಕಿರುಬೆರಳು ಎಲ್ಲಕ್ಕಿಂತ ಸಣ್ಣ ಒಂದನೇ ತಂತಿಗಿ, ಎರಡೂ 3ನೇ ಫ್ರೆಟ್ (ಗಿಟಾರ್ ಕುತ್ತಿಗಿ ಮ್ಯಾಲಿನ ಪಟ್ಟಿ). ಇದು ಪಾ, ಮ್ಯಾಲಿನ ಸಾ, ಅಂದ್ರ ತಂಬೂರಿ ಜೋಡಿನೇ, ಹಾಡು ಮುಗಿಯೋತನ ಇವೆರಡು ಎತ್ತಬ್ಯಾಡ. ಈಗ ನಡುಬೆರಳು ಆರನೇ ತಂತಿ 3ಕ್ಕ, ತೋರುಬೆರಳು ಐದನೇ ತಂತಿ 2ಕ್ಕ ಇಟ್ರ ಜಿ, ಇವೆರಡನ್ನೂ ಒಂದೊಂದು ತಂತಿ ಕೆಳಗ, ಸಣ್ಣ ತಂತಿ ಕಡಿ, ಸರಿಸಿದ್ರ ಸಿ ಬದಲಿಗಿ ಸಿ ಆಡ್ ನೈನ್. ತೋರುಬೆರಳು ಒಂದೇ ಮೂರನೇ ತಂತಿ 2ಕ್ಕ ಇಟ್ಟು ನಾಲ್ಕನೇ ತಂತಿಯಿಂದ ಬಾರಿಸಿದ್ರ ಡಿ ಬದಲಿಗಿ ಡಿ ಸಸ್ ಫೋರ್.

ಖರೇ ತೊಂದ್ರಿ ಇರೋದು ಗಾ ದಾಗ. ಕಾಕಾ ಭೀಮಪಲಾಸಿ ರಾಗದ ಧಾಟಿ ಹಿಡಿದ್ರ ಅಲ್ಲಿ ಗಾ ಕೋಮಲ (ಶುದ್ಧ ಗಾಕ್ಕಿಂತ ಅರ್ಧ ಸ್ವರ ತಗ್ಗು), ನಿನ್ನ ಜಿ ಮೇಜರ್‌ನಾಗ ಶುದ್ಧ ಗಾ, ಎರಡೂ ಬಡಿದಾಡ್ತಾವ. ಮ್ಯಾಲೆ ಹೇಳಿದ ಜಿ ಒಳಗ ಆ ಗಾ ಐದನೇ ತಂತಿ ಮ್ಯಾಲೆ ಅಷ್ಟೇ ಅದ, ತೋರುಬೆರಳು ಎತ್ತಿಬಿಡು, ನಡುಬೆರಳಿನ ತುದಿ ಮಾಂಸ ಐದನೇ ತಂತಿಗಿ ತಾಗ್ಸಿ ಸದ್ದು ಅಡಗಿಸು. ಉಳಿಯೋದು ಬರೇ ಸಾ, ಪಾ. ನನಗ ಎಲ್ಲಾ ಕಾರ್ಡಿನಾಗ ಇದರ ಮ್ಯಾಲೆ ಭಾಳ ಜೀವ. ಆಳಂದ ಕಡಿ ಒಂದು ರಾತ್ರಿ ಭಜನ್ಯಾಗ ಹಿಂಗೇ ತೋರುಬೆರಳು ಎತ್ತಿದೆ ನೋಡು, ಅಲ್ಲೀತನಕ ನನ್ ಕಡಿ ನೋಡಕೋತ ಹಾಡ್ತಿದ್ದ ಮುತ್ಯಾ ಕಣ್ಣು ಮುಚ್ಚಿ ಹಾಡ್ಲಾಕ ಹತ್ತಿದ.

ಭೀಮಪಲಾಸಿಗಿ ಸಿ ಆಡ್ ನೈನ್, ಡಿ ಸಸ್ ಫೋರ್ ನಡೀತಾವ, ಇ ಮೈನರ್ ಬ್ಯಾಡ, ಅದರಾಗೂ ಶುದ್ಧ ಗಾ ಅದ. ಭೈರವಿ ಆದ್ರ ರೀ, ಗಾ, ಧಾ, ನೀ ನಾಲ್ಕೂ ಕೋಮಲ, ಹಂಗಾಗಿ ಆ ಸಾ ಪಾ ಒಂದರ ಮ್ಯಾಲೇ ನಿಲ್ಲು. ಮಾಲಕಂಸ್‌ನಾಗ ಪಾ ನೇ ಇಲ್ಲ, ಅಲ್ಲಿ ಈ ಹಿಡಿತ ನಡ್ಯಂಗಿಲ್ಲ.

ಕಾಕಾನ ಸಾ ಹಾರ್ಮೋನಿಯಂದು ಕಾಳಿ 1 (ಮೊದಲ ಕರಿ ಪಟ್ಟಿ, ಸಿ ಶಾರ್ಪ್) ಇದ್ರ ಕ್ಯಾಪೋ (ಎಲ್ಲಾ ತಂತಿ ಒತ್ತಿ ಹಿಡಿಯೋ ಕ್ಲಿಪ್) 6ನೇ ಫ್ರೆಟ್‌ಗಿ ಹಾಕು, ಫ್ರೆಟ್ ಎಣಿಸೋದು ಕ್ಯಾಪೋದಿಂದ.