ಅಪ್ಪನ ರಾಕ್, ಮಗಳ ಕಿವಿ

ಪ್ರಶ್ನೆ: ನಾವು ಗೋಣಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿದ್ದೇವೆ. ಯಜಮಾನರು ಬೆಂಗಳೂರಿನಲ್ಲಿ ಓದುವಾಗ ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದವರು. 2011ರಲ್ಲಿ ಅರಮನೆ ಮೈದಾನಕ್ಕೆ ಅಮೆರಿಕದ ರಾಕ್ ತಂಡ ಮೆಟಾಲಿಕಾ ಬಂದಾಗ ವೇದಿಕೆಯ ಹತ್ತಿರವೇ ನಿಂತಿದ್ದ ಕಥೆಯನ್ನು ಈಗಲೂ ಹೇಳುತ್ತಾರೆ. ಒಂಬತ್ತು ವರ್ಷದ ಮಗಳಿಗೂ ಅದೇ ಹುಚ್ಚು ಹಿಡಿಸಿದ್ದಾರೆ. ಅವಳು ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿಕೊಂಡು ಡ್ರಮ್ಸ್ ಬಾರಿಸುತ್ತಾಳೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಮೈದಾನವೊಂದರಲ್ಲಿ ರಾಕ್ ಕಾರ್ಯಕ್ರಮವಿದೆ. ನನ್ನನ್ನು ಒಂದು ಮಾತೂ ಕೇಳದೆ, ವೇದಿಕೆಯ ಮುಂದೆ ನಿಂತು ನೋಡುವ ವಿಭಾಗಕ್ಕೇ ನಾಲ್ಕು ಟಿಕೆಟ್ ತೆಗೆದಿದ್ದಾರೆ. ನಾಲ್ಕನೆಯದು ಮೂರು ವರ್ಷದ ಮಗನಿಗೆ! ಅತ್ತೆಯವರು ‘ಹೆಣ್ಣುಮಗುವನ್ನು ಕುಡುಕರ ನಡುವೆ ನಿಲ್ಲಿಸುತ್ತೀರಾ’ ಎಂದು ಊಟ ಬಿಟ್ಟು ಎದ್ದರು. ನನಗೆ ಕುಡುಕರಿಗಿಂತ ಆ ಸದ್ದಿನ, ಆ ಜನಜಂಗುಳಿಯ ಭಯ. ಅದನ್ನು ಹೇಳಿದರೆ ‘ನೀನೂ ಅಮ್ಮನ ಹಾಗೆಯೇ ಆದೆ’ ಎನ್ನುತ್ತಾರೆ. ಮಗಳು ಕ್ಯಾಲೆಂಡರಿನಲ್ಲಿ ದಿನಗಳನ್ನು ಹೊಡೆದುಹಾಕುತ್ತಿದ್ದಾಳೆ. ಬೇಡವೆಂದರೆ ನಾನು ಕೆಟ್ಟವಳು, ಹೂಂ ಎಂದರೆ ನನಗೆ ನಿದ್ದೆಯಿಲ್ಲ. ಏನು ಮಾಡಲಿ?
– ಹೆಸರು ಬೇಡ, ಗೋಣಿಕೊಪ್ಪ

ಉತ್ತರ: ಮಗಳು ಹೋಗಲಿ, ಮಗ ಮನೆಯಲ್ಲಿರಲಿ. ಆದರೆ ಮಗಳು ಹೋಗುವುದಕ್ಕೂ ನಿಮ್ಮವರು ಒಪ್ಪಬೇಕಾದ ಒಂದು ಷರತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಟಿಕೆಟಿನ ವಿಷಯ. ಒಂಬತ್ತು ವರ್ಷದ ಹುಡುಗಿಯನ್ನು ರಾಕ್ ಕೇಳಿಸಲು ಕರೆದೊಯ್ಯುವ ತಂದೆಯ ಮೇಲೆ ನನಗೆ ಕೋಪವಿಲ್ಲ, ಸ್ವಲ್ಪ ಮೆಚ್ಚುಗೆಯೇ ಇದೆ. ನಾಲ್ಕು ಟಿಕೆಟ್ ಜೇಬಿಗಿಳಿಸಿಕೊಂಡು ಬಂದು ಹೆಂಡತಿಗೆ ತಿಳಿಸಿದ ಗಂಡನ ಮೇಲೆ ಮಾತ್ರ ಕೋಪವಿದೆ. ಈ ದೂರನ್ನು ಬೇರೆಯಾಗಿಯೇ ಹೇಳಿಬಿಡಿ. ಕಿವಿ, ಜನಜಂಗುಳಿ ಎಂಬ ಕಾರಣಗಳ ಅಡಿಯಲ್ಲಿ ಅದನ್ನು ಬಚ್ಚಿಟ್ಟರೆ ಅವರು ಒಂದೊಂದು ಕಾರಣಕ್ಕೂ ಒಂದೊಂದು ಸಮಾಧಾನ ಹುಡುಕಿ ತರುತ್ತಾರೆ, ನಿಮ್ಮ ಸಿಟ್ಟು ಇದ್ದಲ್ಲೇ ಇರುತ್ತದೆ. ‘ನನ್ನನ್ನು ಕೇಳಬೇಕಿತ್ತು’ ಎಂದು ಒಂದು ಸಲ ನೇರವಾಗಿ ಹೇಳಿ. ಅತ್ತೆಯವರ ಎದುರಿಗೆ ಮಾತ್ರ ಬೇಡ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಹಾಗೆಂದು ಪೂರ್ತಿ ಒಪ್ಪಲೂ ಬೇಕಾಗಿಲ್ಲ. ಕೊಡಗಿನ ಮದುವೆ ಮನೆಗಳಲ್ಲಿ ಗ್ಲಾಸು ಹಿಡಿದ ಹಿರಿಯರ ಕಾಲ ಬಳಿಯೇ ಮಕ್ಕಳು ವಾಲಗಕ್ಕೆ ಕುಣಿಯುತ್ತವೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಆದರೆ ಅಲ್ಲಿ ಒಬ್ಬ ತೂರಾಡಿದರೆ ಅವನು ಯಾರ ಮನೆಯವನು, ಯಾರು ಗದರಿದರೆ ಕೇಳುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಮೈದಾನದಲ್ಲಿ ಅದು ಗೊತ್ತಿಲ್ಲ. ಅತ್ತೆಯವರು ಹೇಳುತ್ತಿರುವುದು ಇದನ್ನೇ ಇರಬೇಕು, ಹೇಳುವ ರೀತಿ ಖಾರವಾಯಿತು. ವೇದಿಕೆಯ ಮುಂದಿನ ನೂಕಾಟದಿಂದ ದೂರ ನಿಂತರೆ ಈ ತೊಂದರೆಯೂ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಕುಟುಂಬಗಳು ಕುಳಿತು ನೋಡುವ ವಿಭಾಗವಿದ್ದರೆ ಟಿಕೆಟ್ ಬದಲಿಸಿಕೊಳ್ಳಲು ಆಗುತ್ತದೆಯೇ ನೋಡಲಿ. ಟಿಕೆಟಿನ ನಿಯಮಗಳಲ್ಲಿ ಎಷ್ಟು ವಯಸ್ಸಿನವರಿಗೆ ಪ್ರವೇಶ ಎಂಬುದನ್ನೂ ಓದಿಕೊಳ್ಳಲಿ. ಅದು ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದು ರೀತಿ ಇರುತ್ತದೆ. ಆರು ಗಂಟೆ ಪ್ರಯಾಣ ಮಾಡಿ ಗೇಟಿನಲ್ಲಿ ಮಗುವನ್ನು ತಡೆದರೆ ಆ ಅಳುವನ್ನು ಯಾರು ನಿಲ್ಲಿಸುತ್ತಾರೆ?

ಇನ್ನು ಕಿವಿ. ಈ ವಿಷಯದಲ್ಲಿ ನಿಮ್ಮ ಭಯ ನೂರಕ್ಕೆ ನೂರು ಸರಿ.

ನಾವು ಕುಳಿತು ಮಾತಾಡುವ ಸದ್ದು ಸುಮಾರು 60 ಡೆಸಿಬಲ್. ರಾಕ್ ಕಾರ್ಯಕ್ರಮದ್ದು 100ರಿಂದ 110. ಅಂಕಿಗಳ ಅಂತರ ಸಣ್ಣದಾಗಿ ಕಂಡರೂ ಡೆಸಿಬಲ್ ಲೆಕ್ಕದಲ್ಲಿ ಪ್ರತಿ 3 ಏರಿದಾಗಲೂ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ದೊಡ್ಡವರು ಕೆಲಸದ ಜಾಗದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎಂಬುದು ಬಳಕೆಯಲ್ಲಿರುವ ಒಂದು ಮಿತಿ. 88ಕ್ಕೆ ಏರಿದರೆ ನಾಲ್ಕು ಗಂಟೆ, 91ಕ್ಕೆ ಎರಡು. ಹೀಗೆ ಅರ್ಧರ್ಧವಾಗುತ್ತಾ 100 ಡೆಸಿಬಲ್‌ಗೆ ಬರುವಾಗ ಉಳಿಯುವುದು ಬರೀ 15 ನಿಮಿಷ. ಮೂರು ಗಂಟೆಯ ಕಾರ್ಯಕ್ರಮದಲ್ಲಿ 15 ನಿಮಿಷ ಎಂದರೆ ಮೊದಲ ಮೂರ್ನಾಲ್ಕು ಹಾಡು. ಅದೂ ದೊಡ್ಡವರ ಕಿವಿಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗಾಗಿಯೇ ಮಾನದಂಡ ಹೊರಡಿಸಿ, ಸರಾಸರಿ ಸದ್ದು 100 ಡೆಸಿಬಲ್ ಮೀರದಿರಲಿ, ಕಿವಿಗೆ ರಕ್ಷಣೆ ಒದಗಿಸಿ, ಸ್ವಲ್ಪ ಹೊತ್ತು ಹೋಗಿ ಕೂರಲು ಶಾಂತವಾದ ಜಾಗವಿರಲಿ ಎಂದು ಹೇಳಿದೆ. ನಮ್ಮ ಮೈದಾನಗಳಲ್ಲಿ ಇದೆಲ್ಲ ಇರುತ್ತದೆ ಎಂದು ನಂಬಿ ಹೊರಡಬೇಡಿ.

ಕೆಡುವುದು ಒಳಕಿವಿಯ ಶಂಖದಂಥ ಭಾಗದಲ್ಲಿರುವ, ಕೂದಲೆಳೆಯಷ್ಟು ಸೂಕ್ಷ್ಮ ತುದಿಗಳ ಜೀವಕೋಶಗಳು. ಗಾಳಿಗೆ ಬಾಗಿದ ಪೈರು ಮರುದಿನ ತಲೆಯೆತ್ತುತ್ತದೆ, ಆನೆ ತುಳಿದ ಪೈರು ಏಳುವುದಿಲ್ಲ. ಈ ಕೋಶಗಳೂ ಹಾಗೆ. ಕಾರ್ಯಕ್ರಮ ಮುಗಿದ ರಾತ್ರಿ ಕಿವಿಯಲ್ಲಿ ಗುಂಯ್‌ಗುಡುವುದು, ಹತ್ತಿ ತುರುಕಿದಂತೆ ಮಂದವಾಗುವುದು ಮೊದಲನೆಯದರ ಲಕ್ಷಣ. ಪದೇ ಪದೇ ಹಾಗಾದರೆ ಎರಡನೆಯದಕ್ಕೆ ದಾರಿ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ನಿಮ್ಮವರಿಗೆ ರಾತ್ರಿ ಮಲಗಿದಾಗ ಕಿವಿಯಲ್ಲಿ ಸದ್ದು ಕೇಳುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ. ಬ್ಯಾಂಡಿನಲ್ಲಿದ್ದ ಬಹಳ ಮಂದಿಗೆ ಕೇಳುತ್ತದೆ, ಹೇಳಿಕೊಳ್ಳುವುದಿಲ್ಲ.

ಮಗಳಿಗೆ ಬೇಕಾದದ್ದು ಇಯರ್‌ಮಫ್. ತೋಟದಲ್ಲಿ ಮರ ಕೊಯ್ಯುವ ಯಂತ್ರ, ಕಳೆ ಹೊಡೆಯುವ ಯಂತ್ರ ಹಿಡಿದವರು ಕಿವಿಯ ಮೇಲೆ ಹಾಕಿಕೊಳ್ಳುತ್ತಾರಲ್ಲ, ಅದೇ. ಆದರೆ ಮಕ್ಕಳ ಅಳತೆಯದು ಬೇಕು, ದೊಡ್ಡವರದು ಸಣ್ಣ ತಲೆಯ ಮೇಲೆ ಜಾರಿ ಸಂದು ಬಿಡುತ್ತದೆ. ಸರಿಯಾಗಿ ಕೂತರೆ 20 ಡೆಸಿಬಲ್‌ನಷ್ಟು ಸದ್ದು ಇಳಿಯುತ್ತದೆ, ಹಾಡೂ ಕೇಳಿಸುತ್ತದೆ. ಕಿವಿಯೊಳಗೆ ತುರುಕುವ ಸ್ಪಂಜಿನ ಬಿರಡೆಗಳು ಪುಟ್ಟ ಮಕ್ಕಳ ಕಿವಿಗೆ ಸರಿಯಾಗಿ ಕೂರುವುದಿಲ್ಲ. ಹತ್ತಿ ಇಟ್ಟುಕೊಂಡರೆ ಮನಸ್ಸಿಗೆ ಸಮಾಧಾನ, ಕಿವಿಗೆ ಏನೂ ಇಲ್ಲ. ತಂದ ಮೇಲೆ ಡಬ್ಬಿ ಬಾರಿಸುವಾಗ ಹಾಕಿಕೊಂಡು ಅಭ್ಯಾಸ ಮಾಡಲಿ. ಕಿವಿಯೋಲೆ ತೆಗೆದಿಡಿ, ಜಡೆಯನ್ನು ಕಿವಿಯ ಮೇಲೆ ಬಾರದಂತೆ ಹಿಂದಕ್ಕೆ ಕಟ್ಟಿ, ಇಲ್ಲದಿದ್ದರೆ ಮೆತ್ತೆಗೂ ಚರ್ಮಕ್ಕೂ ನಡುವೆ ಸಂದು ಉಳಿಯುತ್ತದೆ. ಅಪ್ಪನೂ ಹಾಕಿಕೊಳ್ಳಲಿ. ಅಪ್ಪ ಬರಿ ಕಿವಿಯಲ್ಲಿ ನಿಂತಿದ್ದರೆ ಮಗಳು ಎರಡನೇ ಹಾಡಿಗೆ ತನ್ನದನ್ನು ಕುತ್ತಿಗೆಗೆ ಇಳಿಸಿಕೊಳ್ಳುತ್ತಾಳೆ.

ನಿಲ್ಲುವ ಜಾಗ ಮೈದಾನದ ನಡುವೆ ಧ್ವನಿ ನಿಯಂತ್ರಿಸುವವರು ಕೂರುವ ಮೇಜಿನ ಹಿಂದೆ ಇರಲಿ. ವಾದ್ಯಗಳೆಲ್ಲ ಹದವಾಗಿ ಬೆರೆತು ಕೇಳುವುದು ಅಲ್ಲಿಯೇ, ಇದು ನಿಮ್ಮವರಿಗೂ ಗೊತ್ತಿರುತ್ತದೆ. ಸ್ಪೀಕರುಗಳ ನೇರಕ್ಕೆ ಮಾತ್ರ ಬೇಡ. ಮಗಳಿಗೆ ಎಂದಾದರೂ ಫಿಟ್ಸ್ ಬಂದದ್ದಿದ್ದರೆ ಮಿಂಚುವ ದೀಪಗಳ ಬಗ್ಗೆ ವೈದ್ಯರನ್ನು ಕೇಳದೆ ಹೊರಡುವುದೇ ಬೇಡ. ಕಾರ್ಯಕ್ರಮದ ಮರುದಿನವೂ ಕಿವಿ ಮಂದವಾಗಿದ್ದರೆ ತಡಮಾಡದೆ ತೋರಿಸಿ. ಬರುವ ದಾರಿಯಲ್ಲೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಇಷ್ಟು ಹೇಳಿದ ಮೇಲೆ ಒಂದು ಅಡ್ಡಮಾತು. ರಾಕ್ ಎಂದೊಡನೆ ಕಿವಿಯ ನೆನಪಾಗುವ ನಮಗೆ ಮಡಿಕೇರಿ ದಸರಾದ ದಶಮಂಟಪಗಳ ರಾತ್ರಿ ಮೆರವಣಿಗೆಯ ಹಿಂದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳಗಿನವರೆಗೆ ಸುತ್ತುವಾಗ ನೆನಪಾಗುವುದಿಲ್ಲ. ಆ ಸ್ಪೀಕರುಗಳೇನು ಪಿಸುಗುಡುತ್ತವೆಯೇ? ಕೋವಿಯಂತೂ ಇನ್ನೂ ಒಂದು ಕೈ ಮೇಲು. ಸುಗ್ಗಿಯ ಹಬ್ಬ ಪುತ್ತರಿಯಂದು ಗದ್ದೆಯಲ್ಲಿ ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ ಎನ್ನುತ್ತಾ ಗುಂಡು ಹಾರಿಸುವವರ ಪಕ್ಕದಲ್ಲೇ ಮಕ್ಕಳು ನಿಂತಿರುತ್ತಾರೆ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಕಡೆಯೂ ಅಷ್ಟೇ. ಕೋವಿಯ ಒಂದು ಸದ್ದು ಕ್ಷಣಮಾತ್ರಕ್ಕೆ 140 ಡೆಸಿಬಲ್ ದಾಟುತ್ತದೆ. ಮಕ್ಕಳ ಕಿವಿಗೆ ಅಂಥ ಸಿಡಿತ 120 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಪದ್ಧತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಅತ್ತೆಯವರು ರಾಕ್ ಅನ್ನು ಬೈಯುವಾಗ ನೀವು ಇದನ್ನು ಎತ್ತಿದರೆ ಜಗಳವಾಗುತ್ತದೆ ಎಂಬುದೂ ಗೊತ್ತು, ಎತ್ತಬೇಡಿ. ಇಯರ್‌ಮಫ್ ಮನೆಗೆ ಬರಲು ಈ ಕಾರ್ಯಕ್ರಮ ನೆಪವಾದರೆ ನನಗೆ ಸಂತೋಷ.

ಜನಜಂಗುಳಿಯ ಭಯವೂ ಸುಳ್ಳಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತದ್ದನ್ನು ಯಾವ ತಾಯಿ ಮರೆಯುತ್ತಾಳೆ? ಅಲ್ಲಿ ದುರಂತ ನಡೆದದ್ದು ಗೇಟುಗಳ ಬಳಿ. ಹಾಗಾಗಿ ಬೇಗ ಒಳಹೋಗಿ, ಕೊನೆಯ ಹಾಡಿಗೆ ಮೊದಲೇ ಹೊರಬರಲಿ. ಹೊರದಾರಿ ಎಲ್ಲಿದೆ ಎಂದು ಮಗಳಿಗೂ ತೋರಿಸಿರಲಿ, ಅಪ್ಪನ ಮೊಬೈಲ್ ಸಂಖ್ಯೆ ಅವಳ ಮುಂಗೈ ಮೇಲೆ ಪೆನ್ನಿನಲ್ಲಿ ಬರೆದಿರಲಿ. ರಾತ್ರಿ ಬಹಳ ತಡವಾಗುತ್ತದೆ ಎಂಬ ಚಿಂತೆ ಅಷ್ಟು ಬೇಡ. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳಿವೆ, ವಿನಾಯಿತಿ ಇರುವುದು ವರ್ಷದ ಕೆಲವೇ ದಿನಗಳಿಗೆ. ಆದರೆ ಅದೇ ರಾತ್ರಿ ಮನೆಗೆ ಹೊರಡುವುದು ಖಂಡಿತ ಬೇಡ. ನಡುರಾತ್ರಿ ಕಳೆದ ಮೇಲೆ ಆನೆಚೌಕೂರು, ತಿತಿಮತಿಯ ಕಾಡುದಾರಿಯಲ್ಲಿ ನಿದ್ದೆಗಣ್ಣಿನಲ್ಲಿ ಕಾರು ಓಡಿಸುವುದು ಎಷ್ಟು ಜಾಣತನ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲೇ ಉಳಿದು ಬೆಳಗ್ಗೆ ಹೊರಡಲಿ.

ಈಗ ಆ ಷರತ್ತು. ಮಗಳು ಸಾಕು ಎಂದ ಕ್ಷಣ ಎದ್ದು ಹೊರಡಲು ನಿಮ್ಮವರು ತಯಾರಿರಬೇಕು. ತಾವು ಕಾದು ಕುಳಿತ ಹಾಡು ಇನ್ನೂ ಬಂದಿರದಿದ್ದರೂ, ಕೊಟ್ಟ ದುಡ್ಡಿನ ಅರ್ಧವೂ ವಸೂಲಾಗಿರದಿದ್ದರೂ ಸರಿ. ಇದು ಕೇಳುವಷ್ಟು ಸುಲಭವಲ್ಲ, ಯಾಕೆಂದರೆ ಅವಳು ಸಾಕು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪನ ಲೋಕದೊಳಗೆ ಕಾಲಿಟ್ಟ ಹುಡುಗಿ ಕಾಲು ನೋಯುತ್ತಿದ್ದರೂ, ಮೂತ್ರಕ್ಕೆ ಅವಸರವಾಗಿದ್ದರೂ ಹಲ್ಲು ಕಚ್ಚಿ ನಿಲ್ಲುತ್ತಾಳೆ, ಅಪ್ಪನಿಗೆ ಬೇಸರವಾದೀತೆಂದು. ಆ ಗದ್ದಲದಲ್ಲಿ, ಕಿವಿಗೆ ಮಫ್ ಹಾಕಿಕೊಂಡು, ಹೇಳಿದರೂ ಯಾರಿಗೆ ಕೇಳುತ್ತದೆ? ಆದ್ದರಿಂದ ಮೊದಲೇ ಒಂದು ಸನ್ನೆ ಗೊತ್ತುಮಾಡಿಕೊಳ್ಳಲಿ. ಅಪ್ಪನ ಅಂಗಿಯ ತೋಳನ್ನು ಎರಡು ಸಲ ಜಗ್ಗಿದರೆ ಹೊರಡೋಣ ಎಂದರ್ಥ, ಯಾಕೆ ಎಂಬ ಪ್ರಶ್ನೆಯಿಲ್ಲ. ಎರಡು ಮೂರು ಹಾಡಿಗೊಮ್ಮೆ ಅವರೇ ಬಗ್ಗಿ ಅವಳ ಮುಖ ನೋಡಲಿ. ಹೊರಬಂದ ಮೇಲೆ ‘ನಿನ್ನಿಂದ ಆ ಹಾಡು ತಪ್ಪಿತು’ ಎಂಬ ಮಾತು ತಮಾಷೆಗೂ ಬೇಡ. ಇದಕ್ಕೆ ಅವರು ಮನಸಾರೆ ಹೂಂ ಎಂದರೆ ನೀವು ನಿದ್ದೆ ಮಾಡಬಹುದು. ‘ಅಷ್ಟು ದೂರ ಹೋಗಿ ಅರ್ಧಕ್ಕೆ ಬರುವುದೇ’ ಎಂದು ರಾಗ ಎಳೆದರೆ, ಈ ವರ್ಷ ಅವರೊಬ್ಬರೇ ಗೆಳೆಯರ ಜೊತೆ ಹೋಗಿ ಕುಣಿದು ಬರಲಿ. ಮಗಳನ್ನು ಮುಂದೆ ಯಾವಾಗಲಾದರೂ ಕರೆದೊಯ್ಯಬಹುದು.

ಮೂರು ವರ್ಷದವನ ಬಗ್ಗೆ ಚರ್ಚೆಯೇ ಬೇಡ. ಅವನು ಮಫ್ ಕಿತ್ತೆಸೆಯುತ್ತಾನೆ, ಎಂಟು ಗಂಟೆಗೆ ನಿದ್ದೆಗೆ ಜಾರುತ್ತಾನೆ, ಅವನನ್ನು ಎತ್ತಿಕೊಂಡವರಿಗೂ ಮಗಳನ್ನು ನೋಡಿಕೊಳ್ಳುವವರಿಗೂ ನೆಮ್ಮದಿಯಿರುವುದಿಲ್ಲ.

ಆ ಮೇಲೆ ಉಳಿಯುವುದು ಒಂದು ಟಿಕೆಟ್, ನಿಮ್ಮದು. ಯಜಮಾನರಿಗೆ ಏನು ಬೇಕು, ಮಗಳಿಗೆ ಏನು ಬೇಕು, ಅತ್ತೆಯವರಿಗೆ ಏನು ಬೇಡ ಎಂದೆಲ್ಲ ಬರೆದ ನೀವು, ನಿಮಗೆ ಹೋಗಲು ಇಷ್ಟವಿದೆಯೇ ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಇಷ್ಟವಿದ್ದರೆ ಮಗನನ್ನು ಅತ್ತೆಯವರ ಬಳಿ ಬಿಟ್ಟು ಹೊರಡಿ. ಒಂದು ರಾತ್ರಿಗೆ ಮೊಮ್ಮಗನನ್ನು ಪೂರ್ತಿಯಾಗಿ ಒಪ್ಪಿಸಿದರೆ ಅವರ ಸಿಟ್ಟೂ ಸ್ವಲ್ಪ ಇಳಿದೀತು. ಇಷ್ಟವಿಲ್ಲದಿದ್ದರೆ ಟಿಕೆಟನ್ನು ಯಜಮಾನರ ಗೆಳೆಯರೊಬ್ಬರಿಗೆ ಕೊಡಿಸಿ, ಮಗುವಿನ ಜೊತೆ ಇಬ್ಬರು ದೊಡ್ಡವರಿದ್ದರೆ ಒಳ್ಳೆಯದೇ. ಎರಡರಲ್ಲಿ ಯಾವುದು ಎಂಬುದನ್ನು ಈ ವಾರವೇ ಹೇಳಿಬಿಡಿ, ಟಿಕೆಟ್ ಬದಲಿಸಲು ಸಮಯ ಬೇಕಾಗುತ್ತದೆ. ಇಯರ್‌ಮಫ್ ಮಾತ್ರ ಮಗನಿಗೂ ಒಂದು ಸೇರಿಸಿ ತರಿಸಿ, ಪುತ್ತರಿಗೆ ಮೊದಲೇ ಕೈಸೇರುವಂತೆ.