ಮೆಟ್ರೊ ಹತ್ತಿರ, ಕಾವೇರಿ ಬಂದಿದೆ: ಮುಂಗಡ ಕೊಡಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗನಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಬೆಂಗಳೂರಿನ ಕೆಂಗೇರಿ ಉಪನಗರದಿಂದ ಆಚೆ, ಚಲ್ಲಘಟ್ಟದ ಕಡೆ, 30×40 ನಿವೇಶನದಲ್ಲಿ ನಾಲ್ಕು ವರ್ಷದ ಹಿಂದೆ ಕಟ್ಟಿದ ಮನೆಯೊಂದನ್ನು ನೋಡಿ ಬಂದಿದ್ದೇವೆ. ಮೆಟ್ರೊ ಐದು ನಿಮಿಷದ ದಾರಿ, ಕಾವೇರಿ ನೀರು ಬಂದಿದೆ, ಶಾಲೆ, ಆಸ್ಪತ್ರೆ ಎಲ್ಲವೂ ಪಕ್ಕದಲ್ಲೇ ಇವೆ ಎಂದು ದಲ್ಲಾಳಿ ಹೇಳುತ್ತಾರೆ. ಪತ್ನಿಗೆ ಮಂಡಿನೋವಿದೆ. ಮುಂಗಡ ಕೊಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಎರಡು ವಾರ ತಡೆಯಿರಿ. ದಲ್ಲಾಳಿ ಸುಳ್ಳು ಹೇಳಿರಲಿಕ್ಕಿಲ್ಲ, ಆದರೆ ಅವರ ಐದು ನಿಮಿಷ ಕಾರಿನ ಲೆಕ್ಕದ್ದು. ನಿಮ್ಮ ಪತ್ನಿಯವರೊಡನೆ ಸಂಜೆ ಏಳರ ಹೊತ್ತಿಗೆ ನಿಲ್ದಾಣದಿಂದ ಆ ಮನೆಯ ಗೇಟಿನವರೆಗೆ ನಡೆದು ನೋಡಿ. ದೀಪವಿಲ್ಲದ ತಿರುವು, ಚರಂಡಿಯ ಮೇಲೆ ಚಪ್ಪಡಿ ಸರಿದಿರುವ ಜಾಗ, ಬೀದಿನಾಯಿಗಳ ಹಿಂಡು ಇವೆಲ್ಲ ಭಾನುವಾರ ಬೆಳಿಗ್ಗೆ ಮನೆ ನೋಡಲು ಹೋದವರ ಕಣ್ಣಿಗೆ ಬೀಳುವುದಿಲ್ಲ. ನಗರದ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿಯಾಗಲಿ ಅದನ್ನು ಸೇರುವ ರಾಜಕಾಲುವೆಯಾಗಲಿ ಸಮೀಪದಲ್ಲಿದ್ದರೆ ಅದರ ವಾಸನೆಯೂ ಆ ಹೊತ್ತಿಗೇ ತಿಳಿಯುತ್ತದೆ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಬಂದ ಮೇಲೆ ರೈಲು ಬದಲಿಸದೆ ವೈಟ್‌ಫೀಲ್ಡ್ ತಲುಪಬಹುದೆಂಬುದು ನಿಜ. ಆದರೆ ಸುಮಾರು 43 ಕಿಲೋಮೀಟರ್ ಉದ್ದದ ಆ ಮಾರ್ಗದ ಎರಡು ತುದಿಗಳ ನಡುವೆ ದಿನವೂ ಓಡಾಡಬೇಕಾದವರು ನಿಮ್ಮ ಮಗ. ಅವರ ಅಭಿಪ್ರಾಯವನ್ನು ನಿಮ್ಮ ಪತ್ರದಲ್ಲಿ ಕಾಣಲಿಲ್ಲ.

ನೀರಿನ ವಿಷಯದಲ್ಲಿ ‘ಬಂದಿದೆ’ ಎಂಬ ಮಾತಿಗೆ ಹಲವು ಅರ್ಥಗಳಿವೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ನೀರು ಸರಬರಾಜು ಯೋಜನೆಯ ಐದನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ದೊರೆಯಿತು. ಹಾಗೆಂದು ಪ್ರತಿ ಬಡಾವಣೆಗೂ ನೀರು ಹರಿಯುತ್ತಿದೆ ಎಂದಲ್ಲ. ಬೀದಿಯಲ್ಲಿ ಕೊಳವೆ ಹೂತಿದ್ದರೂ ಮನೆಗೆ ಸಂಪರ್ಕ ಪಡೆಯಲು ಜಲಮಂಡಳಿಗೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಆದ್ದರಿಂದ ಮಾಲೀಕರಿಂದ ಇತ್ತೀಚಿನ ನೀರಿನ ಬಿಲ್ಲು ಕೇಳಿ ಪಡೆಯಿರಿ, ಸಂಪಿನ ಮುಚ್ಚಳ ತೆಗೆಸಿ ಒಳಕ್ಕೆ ಎಷ್ಟು ಕೊಳವೆಗಳು ಬಂದಿವೆ, ಯಾವುದು ಎಲ್ಲಿಂದ ಎಂದು ಕೇಳಿ. ಬಚ್ಚಲಿನ ನಲ್ಲಿಯ ಬಾಯಲ್ಲಿ, ಗೀಸರಿನ ಕೊಳವೆಯ ತುದಿಯಲ್ಲಿ ಬಿಳಿ ಹಿಟ್ಟು ದಪ್ಪಗೆ ಕಟ್ಟಿದ್ದರೆ ಆ ಮನೆ ಬಹುಕಾಲ ಕೊಳವೆಬಾವಿಯ ಗಡಸು ನೀರಿನಲ್ಲೇ ನಡೆದಿದೆ ಎಂದು ತಿಳಿಯಿರಿ. ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು ನೀರು ಬಿಡುತ್ತಾರೆ, ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದರು ಎಂಬುದನ್ನು ಪಕ್ಕದ ಮನೆಯವರಲ್ಲಿ ವಿಚಾರಿಸಿ. ಮಾರುವವರಿಗಿಂತ ಅವರ ಉತ್ತರ ನಂಬಿಕೆಗೆ ಅರ್ಹ. 1,200 ಚದರ ಅಡಿಯ ನಿವೇಶನದಲ್ಲಿ ಕಟ್ಟುವ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದರಿಂದ ಅದರ ವ್ಯವಸ್ಥೆಯನ್ನೂ ನೋಡಿ. ತಾರಸಿಯಿಂದ ಇಳಿದ ಕೊಳವೆ ನೇರವಾಗಿ ರಸ್ತೆಗೆ ಬಿಟ್ಟಿರುವ ಮನೆಗಳೂ ಉಂಟು.

ಶಾಲೆ ಸದ್ಯ ನಿಮಗೆ ಬೇಕಿಲ್ಲ, ಬಿಡಿ. ಆಸ್ಪತ್ರೆಗೆ ನೀವೇ ಒಮ್ಮೆ ಹೋಗಿ, ರಾತ್ರಿ ವೈದ್ಯರು ಇರುತ್ತಾರೆಯೇ, ಮೂಳೆ ತಜ್ಞರು ವಾರದಲ್ಲಿ ಯಾವ ದಿನ ಬರುತ್ತಾರೆ ಎಂದು ಕೇಳಿ. ಔಷಧದ ಅಂಗಡಿ, ತರಕಾರಿ, ಹಾಲಿನ ಬೂತು ಇವು ಮುಖ್ಯರಸ್ತೆ ದಾಟದೆ ಸಿಗುವಂತಿದ್ದರೆ ಮಂಡಿನೋವಿನವರಿಗೆ ಮೆಟ್ರೊಗಿಂತ ಅದೇ ದೊಡ್ಡ ಅನುಕೂಲ.

ಮನೆಯ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಎ (ನಿಯಮಬದ್ಧ ಆಸ್ತಿಯದು) ಆಗಿದೆಯೋ ಬಿ (ನಿಯಮಗಳಿಗೆ ಪೂರ್ತಿ ಹೊಂದದ ಆಸ್ತಿಯದು) ಆಗಿದೆಯೋ ನೀವು ತಿಳಿಸಿಲ್ಲ. ಬಿ ಖಾತೆಯ ಮನೆಗೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ, ಮುಂದೆ ಮಾರುವಾಗಲೂ ಬೆಲೆ ತಗ್ಗುತ್ತದೆ. ಖಾತೆ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ ಮತ್ತು 30 ವರ್ಷಗಳ ಋಣಭಾರ ಪ್ರಮಾಣಪತ್ರವನ್ನು ದಲ್ಲಾಳಿ ಸೂಚಿಸಿದವರಿಗಲ್ಲ, ನಿಮಗೆ ಪರಿಚಯವಿರುವ ವಕೀಲರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಮುಂಗಡ ಕೊಡಿ.